ನಮ್ಮ ಬೋರಿನ ನೀರಲ್ಲಿ ಎಷ್ಟು ಚೀಲ ಯೂರಿಯಾ ಇದೆ?

ಗುಂಡ್ಲುಪೇಟೆ ತಾಲ್ಲೂಕಿನ ಯಾವ ಹೊಲಕ್ಕೆ ಹೋದರೂ ನನಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ. "ಕೂಸು, ನೀರು ಎಷ್ಟಡಿಗದ?" ಕೈಯಲ್ಲಿ ಟೇಪು, ಹೆಗಲಿಗೆ ಬ್ಯಾಗು, ಬ್ಯಾಗಿನ ತುಂಬ ಖಾಲಿ ಬಾಟಲಿ. ನೋಡಿದ ಕೂಡಲೇ ಗೊತ್ತಾಗಿಬಿಡುತ್ತದೆ, ಇವಳು ಬೋರು ಅಳೆಯುವವಳು ಅಂತ. ನಾನೂ ಇದೇ ತಾಲ್ಲೂಕಿನವಳು. ಅಪ್ಪ ಅರಿಸಿನ, ಸಣ್ಣ ಈರುಳ್ಳಿ ಬೆಳೆಯುತ್ತಾರೆ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಈಗ ಅಂತರ್ಜಲ ಹೇಗೆ ಹರಿಯುತ್ತದೆ, ಅದಕ್ಕೆ ನೈಟ್ರೇಟ್ (ಯೂರಿಯಾದಂಥ ಗೊಬ್ಬರದ ಸಾರಜನಕ ಮಣ್ಣಿನಲ್ಲಿ ಬದಲಾಗಿ ನೀರಲ್ಲಿ ಕರಗುವ ರೂಪ) ಹೇಗೆ ಸೇರುತ್ತದೆ ಅನ್ನುವುದರ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ.

ಎಷ್ಟಡಿ ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಮೋಟರು ಎಲ್ಲಿಗೆ ಇಳಿಸಬೇಕು, ಇನ್ನೆಷ್ಟು ಪೈಪು ಬೇಕು, ಬೇಸಿಗೆಯಲ್ಲಿ ಬಾಳೆ ಉಳಿಯುತ್ತದೋ ಇಲ್ಲವೋ, ಎಲ್ಲ ಅದರ ಮೇಲೇ ನಿಂತಿದೆ. ಆದರೆ ಇನ್ನೆರಡು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಆ ನೀರಿನಲ್ಲಿ ಏನೇನಿದೆ? ಅದು ಒಳಗೆ ಹರಿಯುತ್ತಿದೆಯೋ, ಇಲ್ಲ ಅಲ್ಲಲ್ಲೇ ಸುತ್ತುತ್ತಿದೆಯೋ? ಈ ಎರಡನ್ನೂ ಜೊತೆಯಲ್ಲೇ ಕೇಳಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಅಳೆದರೆ ನಮ್ಮಂಥ ಕಲ್ಲುನೆಲದಲ್ಲಿ ಅರ್ಧ ಉತ್ತರವೂ ಸಿಗುವುದಿಲ್ಲ. ಈ ಬರಹ ಅದರ ಬಗ್ಗೆಯೇ.

ಮೊದಲು ನಮ್ಮ ನೆಲದ ವಿಷಯ. ಭೂಮಿಯ ಒಳಗೆ ನದಿ ಹರಿಯುತ್ತದೆ ಅಂತ ನಮ್ಮ ಕಡೆ ತುಂಬ ಜನ ನಂಬಿದ್ದಾರೆ. ಬೋರು ಎಲ್ಲಿ ಕೊರೆಸಬೇಕು ಅಂತ ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದ ಉದ್ದಗಲ ನಡೆಯುವಾಗ ಹುಡುಕುವುದೂ ಅಂಥದ್ದನ್ನೇ. ನಮ್ಮ ತಾಲ್ಲೂಕಿನ ಕೆಳಗಿರುವುದು ಬಹುಪಾಲು ನೈಸ್ (gneiss) ಅನ್ನುವ ಗಟ್ಟಿ ಕಲ್ಲು. ಕೋಟಿಗಟ್ಟಲೆ ವರ್ಷ ಹಳೆಯದು. ಅದರ ಮೈಯಲ್ಲಿ ನೀರು ಹಿಡಿಯುವ ರಂಧ್ರ ಇಲ್ಲ. ಮೇಲೆ ಕೆಂಪು ಮಣ್ಣೋ ಎರೆ ಮಣ್ಣೋ ಸ್ವಲ್ಪ, ಅದರ ಕೆಳಗೆ ಪುಡಿಪುಡಿಯಾದ ಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ. ಬಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಬಿರುಕು. ಬೋರ್ ಲಾರಿಯವರು "ಗ್ಯಾಪ್ ಸಿಕ್ತು" ಅಂತ ಕೂಗುತ್ತಾರಲ್ಲ, ಅದು ಈ ಬಿರುಕು. ಬಂಡೆಯೊಳಗೆ ನೀರಿರುವುದು ಅಲ್ಲಿ ಮಾತ್ರ.

ಇಂಥ ನೆಲದಲ್ಲಿ ಎಷ್ಟು ನೀರು ಹಿಡಿಯುತ್ತದೆ ಅಂತ ಕೇಳಿದರೆ, ಸುಮಾರಾಗಿ ನೂರಕ್ಕೆ ಒಂದು ಪಾಲು. ಅಂದರೆ ಮಳೆಗಾಲದಲ್ಲಿ 50 ಮಿಲಿಮೀಟರ್ ನೀರು ಇಂಗಿ ಕೆಳಗೆ ಹೋಯಿತು ಅಂದುಕೊಳ್ಳಿ. ಬೋರಿನಲ್ಲಿ ನೀರು 5 ಮೀಟರ್ ಮೇಲೆ ಬರುತ್ತದೆ. ಹದಿನಾರು ಅಡಿ! "ಬೋರು ತುಂಬಿತು" ಅಂತ ಊರೆಲ್ಲ ಮಾತಾಡುತ್ತದೆ. ಆದರೆ ಬಂದಿರುವುದು 50 ಮಿಲಿಮೀಟರ್ ಮಾತ್ರ. ಎರಡು ಸಲ ಚೆನ್ನಾಗಿ ನೀರು ಹಾಯಿಸಿದರೆ ಮುಗಿದುಹೋಗುವಷ್ಟು. ನೀರಿನ ಮಟ್ಟ ಏರಿದ್ದನ್ನು ನೋಡಿ ಬಾಳೆ ಹಾಕುವವರಿಗೆ ನಾನು ಮೊದಲು ಹೇಳುವುದು ಈ ಲೆಕ್ಕವನ್ನೇ.

ಹರಿವಿನ ಲೆಕ್ಕಕ್ಕೆ ಸೂತ್ರ ಹಳೆಯದು. 1856ರಲ್ಲಿ ಫ್ರಾನ್ಸಿನ ದಿಜೋನ್ ಊರಿನ ನೀರು ಸರಬರಾಜಿನ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ಇದನ್ನು ಕಂಡುಕೊಂಡರು. ಹರಿವು ಎರಡು ವಿಷಯದ ಮೇಲೆ ನಿಂತಿದೆ. ನೀರಿನ ಮಟ್ಟದ ಇಳಿಜಾರು ಎಷ್ಟು, ನೆಲ ನೀರನ್ನು ಎಷ್ಟು ಸಲೀಸಾಗಿ ಬಿಡುತ್ತದೆ. ಎರಡನ್ನೂ ಗುಣಿಸಿದರೆ ಹರಿವು. ಇವತ್ತಿಗೂ ಅಂತರ್ಜಲದವರು ನಂಬಿ ನಡೆಯುವುದು ಅದನ್ನೇ.

ಸೂತ್ರ ಸುಲಭ. ಹೊಲದಲ್ಲಿ ಅದಕ್ಕೆ ಅಂಕಿ ತುಂಬುವುದು ಕಷ್ಟ. ಇಳಿಜಾರು ಬೇಕೆಂದರೆ "ಇಲ್ಲಿ 120 ಅಡಿ, ಅಲ್ಲಿ 150 ಅಡಿ" ಅಂದರೆ ಸಾಲದು. ಒಂದು ಹೊಲ ದಿಬ್ಬದ ಮೇಲಿರುತ್ತದೆ, ಇನ್ನೊಂದು ಹಳ್ಳದ ಪಕ್ಕ. ಪ್ರತಿ ಬೋರಿನ ಕೇಸಿಂಗ್ (ಮಣ್ಣು ಕುಸಿಯದಿರಲಿ ಅಂತ ಬೋರಿನ ಮೇಲ್ಭಾಗಕ್ಕೆ ಇಳಿಸಿದ ಕೊಳವೆ) ಬಾಯಿ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅಂತ ಮೊದಲು ಅಳೆದುಕೊಳ್ಳಬೇಕು. ಅದರಿಂದ ಆಳ ಕಳೆಯಬೇಕು. ಆಗ ಮಾತ್ರ ನೀರು ಯಾವ ಕಡೆಗೆ ವಾಲಿದೆ ಅಂತ ಗೊತ್ತಾಗುವುದು. ಅದೂ ಎಲ್ಲ ಬೋರುಗಳನ್ನು ಹೆಚ್ಚುಕಮ್ಮಿ ಒಂದೇ ಹೊತ್ತಿನಲ್ಲಿ, ಮೋಟರು ನಿಂತಿರುವಾಗ ಅಳೆಯಬೇಕು. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಅದರ ಮೇಲೆ ನಮ್ಮ ದಿನಚರಿ. ರಾತ್ರಿ ಪಾಳಿ ಇದ್ದರೆ ಬೆಳಗಾಗುವಷ್ಟರಲ್ಲಿ ಮೋಟರು ನಿಂತಿರುತ್ತದೆ, ಆದರೆ ನೀರು ಇನ್ನೂ ಮೇಲೇರುತ್ತಲೇ ಇರುತ್ತದೆ. ಅದು ಒಂದು ಕಡೆ ನಿಲ್ಲುವವರೆಗೆ ಕಾಯಬೇಕು.

ಅಳೆಯುವ ಟೇಪಿನ ತುದಿಯಲ್ಲಿ ಒಂದು ಲೋಹದ ಗುಂಡು. ನೀರು ತಾಗಿದರೆ ಮೇಲಿನ ಸುರುಳಿಯಲ್ಲಿ "ಬೀಪ್" ಅನ್ನುತ್ತದೆ. ಕೇಳಲು ಸರಳ ಅಲ್ವಾ? ಆದರೆ ಬೋರಿನ ಒಳಗೆ ಆಗಲೇ ಮೋಟರಿನ ಪೈಪು ಇದೆ, ಕೇಬಲ್ ಇದೆ, ಮೋಟರು ಜಾರದಿರಲಿ ಅಂತ ಕಟ್ಟಿದ ಹಗ್ಗ ಇದೆ. ಅವುಗಳ ಸಂದಿಯಲ್ಲಿ ಟೇಪು ಇಳಿಸಬೇಕು. ಎಲ್ಲೋ ಒಂದು ಕಡೆ ಕೇಬಲ್ ಕಟ್ಟಿದ ಗಂಟಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಎಳೆದರೆ ಹರಿದುಹೋಗುವ ಭಯ. ನಿಧಾನವಾಗಿ ತಿರುಗಿಸಿ ತಿರುಗಿಸಿ ಬಿಡಿಸಬೇಕು.

ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಟೇಪು ಅರ್ಧ ದಾರಿ ಇಳಿಯುವಷ್ಟರಲ್ಲೇ ಬೀಪ್. ಎತ್ತಿದರೆ ನಿಲ್ಲುತ್ತದೆ, ಇಳಿಸಿದರೆ ಮತ್ತೆ ಬೀಪ್, ಇನ್ನೂ ಇಳಿಸಿದರೆ ಮತ್ತೆ ಮೌನ. ಹೀಗಾದರೆ ನಾನು ಟೇಪು ಪಕ್ಕಕ್ಕಿಟ್ಟು ಕೇಸಿಂಗ್ ಬಾಯಿಗೆ ಕಿವಿ ಕೊಡುತ್ತೇನೆ. ಒಳಗೆ ನೀರು ಸುರಿಯುವ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಕೇಸಿಂಗ್ ಮುಗಿದ ಸ್ವಲ್ಪ ಕೆಳಗೆ, ಮೇಲಿನ ಯಾವುದೋ ಬಿರುಕಿನಿಂದ ನೀರು ಬೋರಿನ ಗೋಡೆಗುಂಟ ಇಳಿಯುತ್ತಿರುತ್ತದೆ. ಟೇಪಿಗೆ ತಾಗಿದ್ದು ಆ ನೀರು. ನಿಜವಾದ ಮಟ್ಟ ಇನ್ನೂ ಎಷ್ಟೋ ಕೆಳಗೆ.

ಈ ಸದ್ದನ್ನು ನಾನು ಬೇರೆ ಹುಡುಗರಿಗೂ ಕೇಳಿಸುತ್ತೇನೆ. ಯಾಕೆಂದರೆ ನೀರು ಕೆಡುವ ದಾರಿ ಇದರಲ್ಲೇ ಇದೆ. ಆ ಮೇಲಿನ ನೀರು ಈಗಷ್ಟೇ ಹೊಲದ ಮಣ್ಣು ದಾಟಿ ಬಂದದ್ದು. ಅದರಲ್ಲಿ ಗೊಬ್ಬರ ಕರಗಿದೆ. ಬೋರು ಇಲ್ಲದಿದ್ದರೆ ಅದು ಆಳದ ಬಿರುಕಿಗೆ ಮುಟ್ಟಲು ಎಷ್ಟೋ ಕಾಲ ಹಿಡಿಯುತ್ತಿತ್ತು. ನಾವೇ ನೆಲಕ್ಕೆ ಉದ್ದಕ್ಕೂ ತೂತು ಕೊರೆದು, ಮೇಲಿನ ಬಿರುಕನ್ನೂ ಕೆಳಗಿನ ಬಿರುಕನ್ನೂ ಜೋಡಿಸಿಬಿಟ್ಟಿದ್ದೇವೆ. ಪ್ರತಿ ಬೋರೂ ನೀರೆತ್ತುವ ದಾರಿಯಷ್ಟೇ ಅಲ್ಲ, ನೀರಿಳಿಯುವ ದಾರಿಯೂ ಹೌದು.

ಸರಿ, ಯಾವ ಬಿರುಕಿನಲ್ಲಿ ನೀರು ಓಡಾಡುತ್ತಿದೆ ಅಂತ ಕಂಡುಹಿಡಿಯುವುದು ಹೇಗೆ? ಇದಕ್ಕೆ ನನಗೆ ತುಂಬ ಇಷ್ಟವಾದ ವಿಧಾನ ಒಂದಿದೆ. ಬೇಕಾಗಿರುವುದು ಅಡುಗೆ ಉಪ್ಪು, ಉದ್ದನೆಯ ಹೋಸ್ ಪೈಪು, ಮತ್ತು ನೀರಿನ ವಿದ್ಯುತ್ ವಾಹಕತೆ ಅಳೆಯುವ ಇ.ಸಿ. ಮೀಟರು. ಮೋಟರು ಎತ್ತಿಹಾಕಿದ, ಬಳಕೆಯಲ್ಲಿಲ್ಲದ ಬೋರಿನಲ್ಲಿ ಮಾತ್ರ ಮಾಡುತ್ತೇವೆ.

ನಮ್ಮ ಕಡೆಯ ಬೋರು ಸಾಮಾನ್ಯವಾಗಿ ಆರೂವರೆ ಇಂಚು ಅಗಲ. ಒಂದು ಮೀಟರ್ ಉದ್ದಕ್ಕೆ ಸುಮಾರು 21 ಲೀಟರ್ ನೀರು ಹಿಡಿಯುತ್ತದೆ. ಒಳಗೆ 60 ಮೀಟರ್ ನೀರು ನಿಂತಿದ್ದರೆ ಹೆಚ್ಚುಕಮ್ಮಿ 1,300 ಲೀಟರ್. ಲೀಟರಿಗೆ ಅರ್ಧ ಗ್ರಾಂ ಉಪ್ಪು ಬೆರೆತರೂ ಇ.ಸಿ. ಮೀಟರಿನ ಅಂಕಿ ಸಾವಿರದಷ್ಟು ಜಿಗಿಯುತ್ತದೆ. ಅಂದರೆ ಇಡೀ ಬೋರಿಗೆ ಮುಕ್ಕಾಲು ಕೆಜಿ ಉಪ್ಪೂ ಬೇಡ. ಹೋಸ್ ಪೈಪಿನ ತುದಿಗೆ ಭಾರ ಕಟ್ಟಿ ತಳದವರೆಗೆ ಇಳಿಸುತ್ತೇವೆ. ಪೈಪಿನ ತುಂಬ ಉಪ್ಪುನೀರು ತುಂಬುತ್ತೇವೆ. ಆಮೇಲೆ ಒಂದೇ ವೇಗದಲ್ಲಿ ಪೈಪನ್ನು ಮೇಲಕ್ಕೆ ಎಳೆಯುತ್ತಾ ಬಂದರೆ, ಉಪ್ಪು ಮೇಲಿಂದ ಕೆಳಗಿನವರೆಗೆ ಸಮನಾಗಿ ಹರಡಿಕೊಳ್ಳುತ್ತದೆ. ಅವಸರ ಮಾಡುವ ಹಾಗಿಲ್ಲ. ಒಂದು ಕಡೆ ತಡೆದು ನಿಂತರೆ ಅಲ್ಲಿ ಉಪ್ಪು ಜಾಸ್ತಿಯಾಗುತ್ತದೆ, ಇಡೀ ಪರೀಕ್ಷೆ ಕೆಡುತ್ತದೆ.

ಆಮೇಲೆ ಕಾಯುವ ಕೆಲಸ. ಇ.ಸಿ. ಮೀಟರಿನ ತುದಿಯನ್ನು ಮತ್ತೆ ಮತ್ತೆ ಇಳಿಸಿ, ಒಂದೊಂದು ಮೀಟರ್ ಆಳಕ್ಕೂ ಅಂಕಿ ಬರೆದುಕೊಳ್ಳುತ್ತೇವೆ. ಮೊದಲು ಎಲ್ಲ ಕಡೆ ಒಂದೇ ಅಂಕಿ. ಸ್ವಲ್ಪ ಹೊತ್ತಿನ ಮೇಲೆ ಒಂದು ಆಳದಲ್ಲಿ ಮಾತ್ರ ಅಂಕಿ ಇಳಿಯತೊಡಗುತ್ತದೆ. ಅದರ ಮೇಲೂ ಕೆಳಗೂ ಉಪ್ಪು ಹಾಗೇ ಇದೆ, ಆ ಒಂದು ಜಾಗದಲ್ಲಿ ಮಾತ್ರ ತೆಳುವಾಗುತ್ತಿದೆ. ಅಲ್ಲೊಂದು ಬಿರುಕಿದೆ, ಅದರಲ್ಲಿ ಸಿಹಿನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತಿದೆ ಅಂತ ಅರ್ಥ. ಎಷ್ಟು ಬೇಗ ತೆಳುವಾಯಿತು ಅನ್ನುವುದರಿಂದ ಹರಿವು ಎಷ್ಟು ಅಂತ ಲೆಕ್ಕ ಹಾಕಬಹುದು. ಮುನ್ನೂರು ಅಡಿ ಬೋರಿನಲ್ಲಿ ಕೆಲಸ ಮಾಡುವ ಬಿರುಕು ಒಂದೋ ಎರಡೋ ಇರುತ್ತದೆ. ಉಳಿದದ್ದೆಲ್ಲ ಸುಮ್ನೆ ನೀರು ತುಂಬಿದ ಕೊಳವೆ. ಕೆಲವು ಬೋರಿನಲ್ಲಿ ಮಾರನೇ ದಿನ ಹೋಗಿ ನೋಡಿದರೂ ಉಪ್ಪು ಇಟ್ಟಲ್ಲೇ ಇರುತ್ತದೆ. ನೀರಿದೆ, ಹರಿವಿಲ್ಲ.

ಮರಳುನೆಲದವರಿಗೆ ಈ ತೊಂದರೆ ಕಡಿಮೆ. ಅಂತರ್ಜಲದ ಬಗ್ಗೆ ಕಲಿಯುವವರೆಲ್ಲ ಓದುವ ಪ್ರಯೋಗ ಒಂದಿದೆ, ಕೆನಡಾದ ಒಂಟಾರಿಯೊದಲ್ಲಿ ಬೋರ್ಡನ್ ಸೇನಾ ನೆಲೆಯ ಮರಳಿನಲ್ಲಿ ನಡೆದದ್ದು. ವಾಟರ್‌ಲೂ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳು ಸೇರಿ ಮಾಡಿದ್ದು. 1982ರ ಆಗಸ್ಟಿನಲ್ಲಿ ಸುಮಾರು 12,000 ಲೀಟರ್ ನೀರಿಗೆ ಕ್ಲೋರೈಡ್, ಬ್ರೋಮೈಡ್ ಮತ್ತು ಐದು ಬಗೆಯ ಸಾವಯವ ರಾಸಾಯನಿಕ ಬೆರೆಸಿ ನೆಲದೊಳಗೆ ಬಿಟ್ಟರು. ಪಂಪು ಹಚ್ಚಲಿಲ್ಲ, ತಳ್ಳಲಿಲ್ಲ. ಅದರ ಪಾಡಿಗೆ ಅದು ಹೋಗಲಿ ಅಂತ ಬಿಟ್ಟು, ಸುಮಾರು 5,000 ಬಿಂದುಗಳಿಂದ ನೀರು ತೆಗೆಯಲು ವ್ಯವಸ್ಥೆ ಮಾಡಿ, ವರ್ಷಗಟ್ಟಲೆ ಹಿಂಬಾಲಿಸಿದರು. ಕ್ಲೋರೈಡ್ ದಿನಕ್ಕೆ ಸುಮಾರು 9 ಸೆಂಟಿಮೀಟರ್ ಸಾಗಿತು. ಅಂಗೈ ಅಗಲದಷ್ಟು! ರಾಸಾಯನಿಕಗಳು ಅದಕ್ಕಿಂತ ಹಿಂದೆ ಬಿದ್ದವು, ಒಂದೊಂದು ಒಂದೊಂದು ವೇಗದಲ್ಲಿ, ಯಾಕೆಂದರೆ ಅವು ಮರಳಿಗೆ ಅಂಟಿಕೊಳ್ಳುತ್ತಾ ಬಿಡಿಸಿಕೊಳ್ಳುತ್ತಾ ಹೋಗುತ್ತವೆ. ನೀರಿನ ವೇಗವೇ ಬೇರೆ, ನೀರಿನಲ್ಲಿರುವ ಕೊಳೆಯ ವೇಗವೇ ಬೇರೆ ಅನ್ನುವುದನ್ನು ಅಷ್ಟು ಚೆನ್ನಾಗಿ ತೋರಿಸಿದ ಪ್ರಯೋಗ ಅದು. ನೈಟ್ರೇಟ್ ಮಾತ್ರ ಕ್ಲೋರೈಡಿನ ಜಾತಿಗೆ ಸೇರಿದ್ದು. ಮಣ್ಣಿಗೆ ಅಂಟುವುದೇ ಇಲ್ಲ ಅಂದರೂ ಆಯಿತು. ನೀರು ಹೋದಲ್ಲಿಗೆ ಹೋಗುತ್ತದೆ.

ಫ್ಲೋರಿಡಾ ವಿಶ್ವವಿದ್ಯಾಲಯದವರು ಮಾಡಿದ ಒಂದು ಸಾಧನವೂ ನನಗೆ ತುಂಬ ಹಿಡಿಸಿದೆ. ಬೋರಿನೊಳಗೆ ಇಳಿಬಿಡುವ ಉದ್ದನೆಯ ಚೀಲ. ಅದರಲ್ಲಿ ಇದ್ದಿಲಿನ ಪುಡಿ, ಇದ್ದಿಲಿಗೆ ಮೊದಲೇ ಕೆಲವು ಬಗೆಯ ಆಲ್ಕೋಹಾಲ್ ಹಿಡಿಸಿರುತ್ತಾರೆ. ನೀರು ಚೀಲವನ್ನು ಹಾದುಹೋಗುವಾಗ ಆಲ್ಕೋಹಾಲನ್ನು ತೊಳೆದುಕೊಂಡು ಹೋಗುತ್ತದೆ, ಕೊಳೆಯನ್ನು ಇದ್ದಿಲಿನಲ್ಲಿ ಬಿಟ್ಟು ಹೋಗುತ್ತದೆ. ಕೆಲವು ದಿನ ಬಿಟ್ಟು ಎತ್ತಿ ನೋಡಿದರೆ, ಎಷ್ಟು ಆಲ್ಕೋಹಾಲ್ ಹೋಗಿದೆಯೋ ಅದು ನೀರಿನ ಹರಿವು, ಎಷ್ಟು ಕೊಳೆ ಉಳಿದಿದೆಯೋ ಅದು ಕೊಳೆಯ ಹರಿವು. ಎರಡೂ ಒಂದೇ ಏಟಿಗೆ. ಬಂಡೆಯ ಬಿರುಕಿಗೆಂದೇ ಗೋಡೆಗೆ ಒತ್ತಿ ಕೂರುವ ಹಾಗೆ ಉಬ್ಬುವ ಬಗೆಯನ್ನೂ ಮಾಡಿದ್ದಾರೆ. ಹರಿವನ್ನೂ ಕೊಳೆಯನ್ನೂ ಬೇರೆ ಬೇರೆ ಮಾಡದೆ ಅಳೆಯುವ ಯೋಚನೆಯೇ ಇದರಲ್ಲಿ ದೊಡ್ಡದು ಅಂತ ನನಗೆ ಅನ್ನಿಸುತ್ತದೆ.

ಈಗ ನಮ್ಮ ತಾಲ್ಲೂಕಿಗೇ ಬರೋಣ. ಬೇರಂಬಾಡಿ ಅಂದರೆ ಈ ಕಡೆಯವರಿಗೆ ಗೊತ್ತು. ಆ ಹೆಸರಿನ ಜಲಾನಯನ ಸುಮಾರು 84 ಚದರ ಕಿಲೋಮೀಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಸೇರಿ ಇಲ್ಲಿ ವರ್ಷಗಳಿಂದ ಅಳತೆ ಮಾಡುತ್ತಿದ್ದಾರೆ. ಅದಕ್ಕೆ ಜೋಡಿಯಾಗಿ ಬಂಡೀಪುರದ ಕಾಡಿನೊಳಗೆ ಮೂಲೆಹೊಳೆಯಲ್ಲಿ ಒಂದು ಚಿಕ್ಕ ಜಲಾನಯನವನ್ನೂ ಇಟ್ಟುಕೊಂಡಿದ್ದಾರೆ. ಕಾಡಿನ ಕೆಳಗೂ ಇಂಥದ್ದೇ ಕಲ್ಲು, ಆದರೆ ಅಲ್ಲಿ ಬೇಸಾಯ ಇಲ್ಲ, ಗೊಬ್ಬರ ಇಲ್ಲ, ಮೋಟರು ಇಲ್ಲ. ಹೊಲದ ಕೆಳಗಿನ ನೀರು ಬೇಸಾಯದಿಂದ ಎಷ್ಟು ಬದಲಾಗಿದೆ ಅಂತ ಹೇಳಬೇಕಾದರೆ ಇಂಥದ್ದೊಂದು ಜೊತೆ ಇರಲೇಬೇಕು.

2017ರಲ್ಲಿ ಪ್ರಕಟವಾದ ಅವರ ಅಧ್ಯಯನವೊಂದನ್ನು ಓದಿದ ಮೇಲೇ ನನಗೆ ನನ್ನ ಕೆಲಸ ಯಾವುದು ಅಂತ ಖಚಿತವಾಗಿದ್ದು. ಬೇರಂಬಾಡಿಯ 200ಕ್ಕೂ ಹೆಚ್ಚು ಕೊಳವೆ ಬಾವಿಗಳ ನೀರು ನೋಡಿದ್ದರು. ನೈಟ್ರೇಟ್ ಲೀಟರಿಗೆ 1 ಮಿಲಿಗ್ರಾಂನಿಂದ 360 ಮಿಲಿಗ್ರಾಂವರೆಗೆ ಇತ್ತು. ಒಂದೇ ಸೀಮೆ, ಹತ್ತಿರ ಹತ್ತಿರದ ಊರು, ಇಷ್ಟು ವ್ಯತ್ಯಾಸ! ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನಲ್ಲಿ 45 ಮಿಲಿಗ್ರಾಂ ಮೀರಬಾರದು. 360 ಅಂದರೆ ಅದರ ಎಂಟು ಪಟ್ಟು.

ಗೊಬ್ಬರ ಜಾಸ್ತಿ ಹಾಕಿದವರ ಬೋರಿನಲ್ಲಿ ಜಾಸ್ತಿ, ಕಡಿಮೆ ಹಾಕಿದವರದ್ದರಲ್ಲಿ ಕಡಿಮೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆ ವಿಜ್ಞಾನಿಗಳು ಅಲ್ಲಿಗೇ ನಿಲ್ಲಲಿಲ್ಲ. ನೈಟ್ರೇಟಿನ ಜೊತೆಗೆ ನೀರಿನ ಆಳವನ್ನೂ ಇಳಿಜಾರನ್ನೂ ಇಟ್ಟು ನೋಡಿದರು. ಆಗ ಕಂಡದ್ದು ಹೀಗೆ. ನೀರು 30ರಿಂದ 60 ಮೀಟರ್ ಆಳಕ್ಕೆ ಹೋಗಿದ್ದು, ನೀರಿನ ಮಟ್ಟದ ಇಳಿಜಾರೂ ಕಡಿಮೆ ಇರುವ ಕಡೆ ನೈಟ್ರೇಟ್ ವಿಪರೀತ. ಇಳಿಜಾರು ಚೆನ್ನಾಗಿದ್ದು, ನೀರು ಪಕ್ಕಕ್ಕೆ ಹರಿದುಹೋಗುವ ಕಡೆ ಮಧ್ಯಮ. ನೀರು ಮೇಲೇ ಇದ್ದು, ಕೆಳಗೆ ದೊಡ್ಡ ಸಂಗ್ರಹ ಇರುವ ಕಡೆ ಕಡಿಮೆ.

ಮೊದಲನೆಯದನ್ನು ನಿಧಾನವಾಗಿ ಯೋಚಿಸಿ. ಆಳದ ಬಂಡೆಯಲ್ಲಿ ಬಿರುಕು ಕಡಿಮೆ, ಸಂಗ್ರಹವೂ ಕಡಿಮೆ. ಪಕ್ಕದ ಹೊಲದಿಂದ ನೀರು ಬರುವುದಿಲ್ಲ, ಪಕ್ಕಕ್ಕೆ ಹೋಗುವುದೂ ಇಲ್ಲ. ರೈತ ಮೋಟರು ಹಾಕುತ್ತಾನೆ. ನೀರು ಮೇಲೆ ಬಂದು ಬೆಳೆಗೆ ಹೋಗುತ್ತದೆ. ಬಹುಪಾಲು ಎಲೆಯಿಂದ, ಮಣ್ಣಿನಿಂದ ಆವಿಯಾಗುತ್ತದೆ. ಉಳಿದದ್ದು ಬೇರಿನ ಕೆಳಗೆ ಇಳಿದು, ಬೆಳೆ ತಿಂದು ಬಿಟ್ಟ ಗೊಬ್ಬರವನ್ನು ಕರಗಿಸಿಕೊಂಡು, ಅದೇ ಬೋರಿನ ಬಿರುಕಿಗೆ ವಾಪಸ್ಸು ಹೋಗುತ್ತದೆ. ಮುಂದಿನ ಬೆಳೆಗೆ ಅದೇ ನೀರು ಮತ್ತೆ ಮೇಲೆ. ಮತ್ತೆ ಗೊಬ್ಬರ. ಮತ್ತೆ ಕೆಳಗೆ. ಒಂದೊಂದು ಸುತ್ತಿಗೂ ಮಂದವಾಗುತ್ತಾ ಹೋಗುವುದು, ಒಲೆ ಮೇಲಿಟ್ಟ ಕಬ್ಬಿನ ಹಾಲಿನ ಹಾಗೆ.

ಹಾಗಾಗಿ ನಮ್ಮ ಕಲ್ಲುನೆಲದಲ್ಲಿ ಬಹಳ ಕಡೆ ನೀರು ಕೆಟ್ಟಿರುವುದಕ್ಕೆ ಎಲ್ಲೋ ದೂರದಿಂದ ಹರಿದುಬಂದ ವಿಷ ಕಾರಣ ಅಲ್ಲ. ಹರಿವೇ ಇಲ್ಲದಿರುವುದು ಕಾರಣ. ನೀರಿನ ಮಟ್ಟ ಇಳಿದದ್ದು ಮತ್ತು ನೀರು ಕೆಟ್ಟದ್ದು ಎರಡು ಬೇರೆ ಸಮಸ್ಯೆಗಳಲ್ಲ. ಮಟ್ಟ ಇಳಿದು ಆಳದ ಬಂಡೆಗೆ ಹೋದಾಗ ಹರಿವು ನಿಂತಿತು, ಹರಿವು ನಿಂತಾಗ ಗೊಬ್ಬರ ಅಲ್ಲೇ ಉಳಿಯಿತು.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ. ಕೆಟ್ಟುಹೋದ ಜಾಗಗಳಲ್ಲಿ ಬರೀ ನೀರು ಹಾಯಿಸುವುದರಿಂದಲೇ ಹೊಲಕ್ಕೆ ಸೇರುವ ಸಾರಜನಕ, ವರ್ಷಕ್ಕೆ ಹೆಕ್ಟೇರಿಗೆ 200 ಕೆಜಿವರೆಗೂ ಹೋಗುತ್ತದೆ. ಇದನ್ನು ನಮ್ಮ ಲೆಕ್ಕಕ್ಕೆ ತಂದರೆ ಎಕರೆಗೆ 81 ಕೆಜಿ ಸಾರಜನಕ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಅಂದರೆ 176 ಕೆಜಿ ಯೂರಿಯಾ. 45 ಕೆಜಿ ಚೀಲದಲ್ಲಿ ಹತ್ತಿರ ಹತ್ತಿರ ನಾಲ್ಕು ಚೀಲ. ಯಾರೂ ಹೊತ್ತು ತರದ, ಯಾರೂ ಎರಚದ ನಾಲ್ಕು ಚೀಲ.

ಈ ಲೆಕ್ಕವನ್ನು ನಾನು ನಮ್ಮ ದೊಡ್ಡಪ್ಪನ ಜಗಲಿ ಮೇಲೆ ಕೂತು, ಗೊಬ್ಬರದಂಗಡಿಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ಅವರಿಗೆ ಸುಲಭವಾಗಲಿ ಅಂತ ಚಿಕ್ಕ ಅಂಕಿ ತೆಗೆದುಕೊಂಡೆ. ನೀರಿನಲ್ಲಿ ನೈಟ್ರೇಟ್ ಲೀಟರಿಗೆ 100 ಮಿಲಿಗ್ರಾಂ ಇದೆ ಅಂತಿಟ್ಟುಕೊಳ್ಳಿ. ಒಂದು ಬೆಳೆಗೆ ಒಟ್ಟು 400 ಮಿಲಿಮೀಟರ್ ನೀರು ಕೊಡುತ್ತೀರಿ ಅಂತಿಟ್ಟುಕೊಳ್ಳಿ. ಎಕರೆಗೆ ಸುಮಾರು 16 ಲಕ್ಷ ಲೀಟರ್. ನೂರು ಮಿಲಿಗ್ರಾಂ ನೈಟ್ರೇಟಿನಲ್ಲಿ ಸಾರಜನಕ 22.6 ಮಿಲಿಗ್ರಾಂ. ಗುಣಿಸಿದರೆ ಎಕರೆಗೆ 36 ಕೆಜಿ ಸಾರಜನಕ ದಾಟುತ್ತದೆ. ಒಂದೂಮುಕ್ಕಾಲು ಚೀಲ ಯೂರಿಯಾ.

ದೊಡ್ಡಪ್ಪ ತುಂಬ ಹೊತ್ತು ಕ್ಯಾಲೆಂಡರನ್ನೇ ನೋಡಿದರು. "ಹಂಗಾರ ನಾನು ದುಡ್ಡು ಕೊಟ್ಟು ತಂದ ಗೊಬ್ಬರವೇ ಬೋರಿಂದ ವಾಪಸ್ ಬತ್ತಾ ಅದಾ?"

"ಹೌದು ದೊಡ್ಡಪ್ಪ."

"ಮತ್ತ ಅಂಗಡಿಯವ್ನು ಚೀಟಿ ಬರದು ಕೊಡುವಾಗ ಇದನ್ನ ಯಾಕ ಕಳಿಯಲ್ಲ?"

ಈ ಪ್ರಶ್ನೆಗಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಯಾವ ಸೆಮಿನಾರಿನಲ್ಲೂ ಕೇಳಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಅದರಲ್ಲಿ ಇರುವುದನ್ನು ಕಳೆದು ಗೊಬ್ಬರ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನೀರಿನಲ್ಲಿ ಇರುವುದನ್ನೂ ಕಳೆಯಬೇಕು. ನೀರಿನ ಪರೀಕ್ಷೆಗೆ ಆಗುವ ಖರ್ಚು ಉಳಿಯುವ ಗೊಬ್ಬರದ ಮುಂದೆ ಏನೂ ಅಲ್ಲ. ದೊಡ್ಡಪ್ಪ ಈ ವರ್ಷ ಅರಿಸಿನದ ಹೊಲದ ಒಂದು ಬದಿಯಲ್ಲಿ ಮೇಲುಗೊಬ್ಬರದ ಯೂರಿಯಾ ಒಂದು ಸಲ ಬಿಟ್ಟಿದ್ದಾರೆ. ಅರಿಸಿನ ಕಿತ್ತ ಮೇಲೆ ಎರಡೂ ಬದಿಯನ್ನು ಬೇರೆ ಬೇರೆ ತೂಗಿ ನೋಡುವುದು ಅಂತ ಮಾತಾಗಿದೆ.

ಯೂರಿಯಾ ಒಂದೇ ಅಲ್ಲ, ಪೊಟ್ಯಾಷ್ ಕೂಡ. ನಾವು ಹಾಕುವ ಕೆಂಪು ಪೊಟ್ಯಾಷ್ ಅಂದರೆ ಪೊಟ್ಯಾಸಿಯಮ್ ಕ್ಲೋರೈಡ್. ಚೀಲದ ಅರ್ಧದ ಹತ್ತಿರ ಬರೀ ಕ್ಲೋರೈಡ್. ಬೆಳೆ ಪೊಟ್ಯಾಷ್ ತೆಗೆದುಕೊಳ್ಳುತ್ತದೆ, ಕ್ಲೋರೈಡಿನ ಬಹುಪಾಲನ್ನು ಬಿಟ್ಟುಬಿಡುತ್ತದೆ. 2020ರಲ್ಲಿ ಬಂದ ಇನ್ನೊಂದು ಅಧ್ಯಯನ ಬೇರಂಬಾಡಿಯ ಅಂತರ್ಜಲ ನಿಧಾನವಾಗಿ ಉಪ್ಪಾಗುತ್ತಿರುವುದರಲ್ಲಿ ಈ ಗೊಬ್ಬರದ ಪಾಲು ದೊಡ್ಡದು ಅಂತ ತೋರಿಸಿತು. ದಾರಿ ಅದೇ. ಮೇಲೆ, ಕೆಳಗೆ, ಮತ್ತೆ ಮೇಲೆ. ಇದರ ಬಗ್ಗೆ ಬೇರೆಯೇ ಬರೆಯಬೇಕು.

ಎಲ್ಲ ನೈಟ್ರೇಟೂ ಗೊಬ್ಬರದ್ದೇ ಅಂತಲೂ ಹೇಳಲಾಗದು. ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ನೋಡಿದಾಗ ಊರೊಳಗಿನ ಬೋರುಗಳಿಗೆ ನೈಟ್ರೇಟ್ ಬಂದಿದ್ದು ಪಾಯಿಖಾನೆ ಗುಂಡಿಗಳಿಂದ. ಅಲ್ಲೂ ಅದೇ ಕಲ್ಲು, ಅದೇ ಬಿರುಕು. ಮನೆ ಹಿಂದೆ ಗುಂಡಿ, ಮುಂದೆ ಬೋರು. ಅದಕ್ಕೇ ಊರೊಳಗಿನ ಬೋರಿನ ನೀರನ್ನೂ ಹೊಲದ ಬೋರಿನ ನೀರನ್ನೂ ನಾನು ಬೇರೆ ಬೇರೆ ಪಟ್ಟಿಯಲ್ಲಿ ಇಡುತ್ತೇನೆ. ಎರಡನ್ನೂ ಕಲಸಿ ಸರಾಸರಿ ತೆಗೆದರೆ ಯಾರ ಸಮಸ್ಯೆಯೂ ಕಾಣುವುದಿಲ್ಲ.

ಕುಡಿಯುವ ನೀರಿನ ಬಗ್ಗೆ ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ನೈಟ್ರೇಟಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಬಾಯಿಗೆ ಹಾಕಿದರೆ ಗೊತ್ತಾಗುವುದಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಮಂದವಾಗುತ್ತದೆ. ಬಟ್ಟೆ, ಕ್ಯಾಂಡಲ್ ಫಿಲ್ಟರ್ ಯಾವುದೂ ತಡೆಯುವುದಿಲ್ಲ. ಆರ್.ಓ. ಘಟಕದಲ್ಲಿ ಬಹುಪಾಲು ಹೋಗುತ್ತದೆ. ಹಸುಗೂಸುಗಳಿಗೆ ಇದು ಹೆಚ್ಚು ಅಪಾಯ, ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಡಿಮೆ ಮಾಡುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಪುಡಿ ಹಾಲು ಕಲಸುವ ನೀರು ಯಾವ ಬೋರಿನದ್ದು ಅಂತ ದಯವಿಟ್ಟು ಒಂದು ಸಲ ಪರೀಕ್ಷೆ ಮಾಡಿಸಿ. ವರದಿ ಬಂದಾಗ ಅದರಲ್ಲಿ ನೈಟ್ರೇಟ್ ಅಂತ ಇದೆಯೋ, ನೈಟ್ರೇಟ್ ನೈಟ್ರೋಜನ್ ಅಂತ ಇದೆಯೋ ನೋಡಿಕೊಳ್ಳಿ. ಎರಡನೆಯದಾದರೆ 4.4ರಿಂದ ಗುಣಿಸಿ, ಆಮೇಲೆ 45ರ ಜೊತೆ ಹೋಲಿಸಿ. ಗುಣಿಸದೆ ನೋಡಿದರೆ ಕೆಟ್ಟ ನೀರು ಒಳ್ಳೆಯದಾಗಿ ಕಾಣುತ್ತದೆ.

ಮಾದರಿ ತೆಗೆಯುವುದರಲ್ಲೂ ಕ್ರಮ ಇದೆ. ಮೋಟರು ಹಾಕಿದ ಕೂಡಲೇ ಬರುವ ನೀರು ಪೈಪಿನಲ್ಲಿ, ಬೋರಿನಲ್ಲಿ ನಿಂತಿದ್ದ ನೀರು. ಇ.ಸಿ. ಮೀಟರಿನ ಅಂಕಿ ಓಡಾಡುವುದು ನಿಲ್ಲುವವರೆಗೆ ಹರಿಯಲು ಬಿಡಬೇಕು. ಟ್ಯಾಂಕಿನಿಂದ ಹಿಡಿಯಬಾರದು, ಪಾಚಿ ನೈಟ್ರೇಟ್ ತಿಂದಿರುತ್ತದೆ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿ ಇಲ್ಲದ ಹಾಗೆ ತುಂಬಿ, ಐಸ್ ಪೆಟ್ಟಿಗೆಗೆ ಹಾಕಬೇಕು. ಪ್ರಯೋಗಾಲಯಕ್ಕೆ ಬೇಗ ಕೊಡಬೇಕು. ನೀವೇ ಮಾಡಿಸುವುದಾದರೂ ಇಷ್ಟು ಮಾಡಿ.

ಕಡೆಯದಾಗಿ ನನಗೊಂದು ಉಪಕಾರ ಆಗಬೇಕು. ನಮ್ಮ ತಾಲ್ಲೂಕಿನಲ್ಲಿ ಫೇಲ್ ಆದ ಬೋರುಗಳಿಗೆ ಲೆಕ್ಕವಿಲ್ಲ. ಕೆಲವನ್ನು ಬಾಯಿ ತೆರೆದೇ ಬಿಟ್ಟಿರುತ್ತಾರೆ, ಮಕ್ಕಳು ಓಡಾಡುವ ಜಾಗದಲ್ಲಿ. ಅದು ಅಪಾಯ ಅಂತ ಬೇರೆ ಹೇಳಬೇಕಿಲ್ಲ. ಇನ್ನು ಕೆಲವಕ್ಕೆ ಕಲ್ಲು, ಹಳೇ ಗೋಣಿಚೀಲ, ಬೆಳೆಗೆ ಹೊಡೆಯುವ ಔಷಧಿ ಡಬ್ಬ ತುಂಬಿ ಮುಚ್ಚುತ್ತಾರೆ. ದಯವಿಟ್ಟು ಔಷಧಿ ಡಬ್ಬ ಹಾಕಬೇಡಿ, ಅದು ನೇರವಾಗಿ ಕೆಳಗಿನ ಬಿರುಕಿಗೆ ಹೋಗುತ್ತದೆ. ಕೇಸಿಂಗ್ ಗಟ್ಟಿ ಇದ್ದರೆ ಅದರ ಬಾಯಿಗೆ ಬೋಲ್ಟ್ ಹಾಕಿ ಬಿಗಿಯುವ ಕಬ್ಬಿಣದ ಮುಚ್ಚಳ ಹಾಕಿಸಿ. ಯಾವ ವರ್ಷ ಕೊರೆಸಿದ್ದು, ಎಷ್ಟಡಿ, ಎಷ್ಟಡಿಗೆ ಗ್ಯಾಪು ಸಿಕ್ಕಿತ್ತು, ನೆನಪಿದ್ದಷ್ಟನ್ನು ಮುಚ್ಚಳದ ಒಳಬದಿಯಲ್ಲಿ ಪೇಂಟಿನಲ್ಲಿ ಬರೆಸಿ. ನಿಮಗೆ ಅದು ನೀರು ಕೊಡದ ಬೋರು. ನಮಗೆ ಮೋಟರಿನ ಕಾಟ ಇಲ್ಲದೆ ಅಳತೆ ಮಾಡಬಹುದಾದ ಜಾಗ. ಉಪ್ಪಿನ ಪರೀಕ್ಷೆಗೆ ಅಂಥ ಬೋರು ಕೊಡುವವರಿದ್ದರೆ ಕಾಮೆಂಟಿನಲ್ಲಿ ಊರಿನ ಹೆಸರು ಹಾಕಿ. ಮುಂಗಾರಿಗೆ ಮೊದಲು ಒಂದು ಸುತ್ತು, ಹಿಂಗಾರು ಮುಗಿದ ಮೇಲೆ ಒಂದು ಸುತ್ತು ಬರುತ್ತೇವೆ. ಬಂದ ಅಂಕಿಯನ್ನು ನಿಮ್ಮ ಗೊಬ್ಬರದ ಲೆಕ್ಕದ ಜೊತೆಗೇ ಬರೆದುಕೊಡುತ್ತೇನೆ.